ಕೋವಿಯ ಗುರಿ ಕಾಯುವ ಪ್ಲಾಸ್ಟಿಕ್ ಬಟ್ಟಲು

ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಜಿಂಕೆ ಬೇಟೆಗೆ ಹೊರಡುವವರು ಅದನ್ನು ಪೊಟ್ಟಣದ ಲೆಕ್ಕದಲ್ಲಿ ಕೊಂಡು ತರುತ್ತಾರೆ. ಕೊಲರಾಡೊದಲ್ಲಿ ಸೆಪ್ಟೆಂಬರ್ ತಿಂಗಳ ಮಜಲ್‌ಲೋಡರ್ ಹಂಗಾಮಿನಲ್ಲಿ ಅದನ್ನೇ ಕೋವಿಗೆ ತುಂಬಿದರೆ ಕಾನೂನು ಮುರಿದಂತೆ. ಬೆರಳ ತುದಿಯಷ್ಟು ದೊಡ್ಡದಿರುವ, ನಾಲ್ಕು ಎಸಳು ಸೀಳಿದ, ಗುಂಡನ್ನು ಒಳಗೆ ಕೂರಿಸಿಕೊಳ್ಳುವ ಆ ಪ್ಲಾಸ್ಟಿಕ್ ಬಟ್ಟಲಿಗೆ ಸ್ಯಾಬೊ ಎಂದು ಹೆಸರು. ಒಂದೇ ಸಲ ಬಳಸಿ ಮುಗಿಯುವ ವಸ್ತು. ಆದರೆ ನೂರಾರು ಡಾಲರ್ ಕೊಟ್ಟು ತಂದ ರೈಫಲ್ಲಿನ ಗುರಿ ನಿಲ್ಲುವುದೂ ತಪ್ಪುವುದೂ ಬಹುಮಟ್ಟಿಗೆ ಇದರ ಮೇಲೇ.

ಮಜಲ್‌ಲೋಡರ್, ಅಂದರೆ ಬಾಯಿಂದ ಮದ್ದು ತುಂಬುವ ಕೋವಿ, ನಮ್ಮ ಮಲೆನಾಡಿನವರಿಗೆ ಹೊಸದಾಗಿ ಹೇಳಬೇಕಾದ್ದಿಲ್ಲ. ಕೇಪಿನ ಕೋವಿ ಇದ್ದ ಮನೆಗಳಲ್ಲಿ ಬೆಳೆದವರಿಗೆ ಮದ್ದು, ನಾರು, ಚರೆ, ಅವನ್ನು ಜಡಿಯುವ ಗಜ ಎಲ್ಲವೂ ಗೊತ್ತು. ಅಮೆರಿಕದವರ ಕೈಯಲ್ಲಿರುವುದು ಅದೇ ಜಾತಿಯದು, ಆದರೆ ಬೇರೆ ದಾರಿಯಲ್ಲಿ ಬೆಳೆದದ್ದು. ನಮ್ಮ ಕೋವಿಯ ನಳಿಗೆ ಒಳಗೆ ನುಣುಪು. ಅದರಿಂದ ಹೊರಡುವುದು ಹೆಚ್ಚಾಗಿ ಚರೆ. ಅವರದ್ದು ರೈಫಲ್, ನಳಿಗೆಯೊಳಗೆ ಸುರುಳಿಯಾಗಿ ಕೊರೆದ ಗೀರುಗಳಿವೆ, ಹೊರಡುವುದು ಒಂದೇ ಗುಂಡು. ಆ ಗುಂಡು ಗೀರುಗಳನ್ನು ಕಚ್ಚಿ ಬುಗುರಿಯಂತೆ ತಿರುಗುತ್ತ ಹೊರಬಂದರೆ ಮಾತ್ರ ನೆಟ್ಟಗೆ ಹೋಗುತ್ತದೆ. ಇಡೀ ಕಥೆ ಇರುವುದು ಈ ಕಚ್ಚುವಿಕೆಯಲ್ಲಿ.

ಹಳೆಯ ಕೋವಿಗೆ ಹೊಸ ಹಂಗಾಮು

ತೋಟೆ ಹಾಕುವ ಬಂದೂಕು ಬಂದು ನೂರೈವತ್ತು ವರ್ಷ ಕಳೆದರೂ ಅಮೆರಿಕದಲ್ಲಿ ಮದ್ದು ಜಡಿಯುವ ಕೋವಿ ಏಕೆ ಉಳಿದಿದೆ? ಅಭಿಮಾನ ಒಂದು ಕಾರಣ. ಹಳೆಯ ಕೋವಿಗಳ ಪ್ರೇಮಿಗಳು 1933ರಲ್ಲೇ ತಮ್ಮದೊಂದು ರಾಷ್ಟ್ರೀಯ ಸಂಘ ಕಟ್ಟಿಕೊಂಡರು. ಇಂಡಿಯಾನಾದ ಫ್ರೆಂಡ್‌ಶಿಪ್ ಎಂಬ ಪುಟ್ಟ ಊರು ಅದರ ನೆಲೆ. ಇಂದಿಗೂ ಅಲ್ಲಿ ವರ್ಷಕ್ಕೆರಡು ಬಾರಿ ಗುರಿಯ ಜಾತ್ರೆ ಸೇರುತ್ತದೆ. ಇನ್ನೊಂದು ಕಾರಣ ಬೇಟೆಯ ಕ್ಯಾಲೆಂಡರಿನಲ್ಲಿದೆ. ಜಿಂಕೆ, ಎಲ್ಕ್‌ಗಳ ಸಂಖ್ಯೆ ಹತೋಟಿಯಲ್ಲಿಡಲು ಅಲ್ಲಿನ ರಾಜ್ಯಗಳು ಪ್ರತಿವರ್ಷ ಪರವಾನಗಿ ಕೊಟ್ಟು ಬೇಟೆಗೆ ಅವಕಾಶ ಮಾಡಿಕೊಡುತ್ತವೆ. ಬಿಲ್ಲು-ಬಾಣಕ್ಕೆ ಕೆಲವು ದಿನ, ಸಾಮಾನ್ಯ ಬಂದೂಕಿಗೆ ಕೆಲವು ದಿನ, ಮಜಲ್‌ಲೋಡರ್‌ಗೆ ಕೆಲವು ದಿನ ಎಂದು ಹಂಚಿಕೆ. ಒಂದೇ ಗುಂಡು ಹೊಡೆದು, ಮತ್ತೆ ತುಂಬಲು ಒಂದು ನಿಮಿಷ ಬೇಕಾಗುವ ಕೋವಿ ಹಿಡಿದವನಿಗೆ ಜನಸಂದಣಿ ಇಲ್ಲದ ಕಾಡು ಸಿಗುತ್ತದೆ. ಆ ಆಸೆಯೇ ಸಾವಿರಾರು ಜನರನ್ನು ಈ ಕೋವಿಯತ್ತ ಎಳೆದಿದೆ.

ಆಸೆ ಇದ್ದಲ್ಲಿ ಮಾರುಕಟ್ಟೆಯೂ ಹುಟ್ಟುತ್ತದೆ. ಮಿಸೌರಿಯ ಟೋನಿ ನೈಟ್ ಎಂಬ ಕೋವಿ ರಿಪೇರಿಯವರು 1985ರಲ್ಲಿ ಎಂಕೆ-85 ಎಂಬ ಮಜಲ್‌ಲೋಡರ್ ಹೊರತಂದರು. ಹಳೆಯ ಕೋವಿಯಲ್ಲಿ ಕೇಪು ಪಕ್ಕದಲ್ಲಿರುತ್ತದೆ. ಕಿಡಿ ತಿರುವು ತೆಗೆದುಕೊಂಡು ಮದ್ದಿಗೆ ಮುಟ್ಟಬೇಕು. ಇವರು ಕೇಪನ್ನು ನಳಿಗೆಯ ಹಿಂದೆ, ನೇರ ಸಾಲಿನಲ್ಲಿ ಕೂರಿಸಿದರು. ನಳಿಗೆಯ ಹಿಂಬದಿಯ ಬಿರಡೆಯನ್ನು ಬಿಚ್ಚಿ ತೊಳೆಯುವ ಅನುಕೂಲವೂ ಬಂತು. ನೋಡಲು ಇಂದಿನ ರೈಫಲ್ಲಿನಂತೆಯೇ ಇದ್ದ ಈ ಕೋವಿ ಮಾರುಕಟ್ಟೆಯನ್ನು ಬದಲಿಸಿತು. ಅದೇ ದಶಕದಲ್ಲಿ ಅರ್ಕನ್ಸಾಸ್‌ನ ಹ್ಯಾರಿಸನ್ ಊರಿನ ಡೆಲ್ ರ‍್ಯಾಮ್ಸೆ ಮಜಲ್‌ಲೋಡರ್‌ಗೆಂದೇ ಪ್ಲಾಸ್ಟಿಕ್ ಸ್ಯಾಬೊ ತಯಾರಿಸಿದರು. ಕೋವಿಯೂ ಬಟ್ಟಲೂ ಜೊತೆಯಾಗಿ ಓಡಿದವು.

ಸ್ಯಾಬೊ ಎಂಬ ಉಪಾಯ ಮಾತ್ರ ಅವರಿಗಿಂತ ಹಳೆಯದು. ಎರಡನೇ ಮಹಾಯುದ್ಧದಲ್ಲಿ, 1944ರಲ್ಲಿ, ಬ್ರಿಟಿಷರು ಟ್ಯಾಂಕ್ ಭೇದಿಸಲು ಸಣ್ಣ ಗಟ್ಟಿ ಗುಂಡಿಗೆ ದೊಡ್ಡ ಹೊದಿಕೆ ತೊಡಿಸಿ ದೊಡ್ಡ ಫಿರಂಗಿಯಿಂದ ಹಾರಿಸಿದರು. ಬಾಯಿ ದಾಟಿದ ಕೂಡಲೇ ಹೊದಿಕೆ ಕಳಚಿ ಗುಂಡು ಮಾತ್ರ ಮುಂದೆ ಹೋಗುತ್ತಿತ್ತು. ರೆಮಿಂಗ್ಟನ್ ಕಂಪನಿ 1970ರ ದಶಕದಲ್ಲಿ ಅದೇ ತತ್ವವನ್ನು ಬೇಟೆಯ ತೋಟೆಗೆ ತಂದಿತು.

ಸಡಿಲವೂ ಸಲ್ಲ, ಬಿಗಿಯೂ ಸಲ್ಲ

ಬಾಯಿಂದ ತುಂಬುವ ಕೋವಿಗೆ ಹುಟ್ಟಿನಿಂದಲೇ ಒಂದು ತೊಡಕು. ಗುಂಡು ಕೈಯಲ್ಲಿ ತಳ್ಳಿದರೆ ಒಳಗಿಳಿಯುವಷ್ಟು ಸಣ್ಣದಿರಬೇಕು; ಮದ್ದು ಹೊತ್ತಿದಾಗ ಹೊಗೆ ಪಕ್ಕದಿಂದ ನುಸುಳದಷ್ಟು ದೊಡ್ಡದಿರಬೇಕು. ಎರಡೂ ಒಟ್ಟಿಗೆ ಹೇಗೆ? ಪೆನ್ಸಿಲ್ವೇನಿಯಾದ ಜರ್ಮನ್ ಮೂಲದ ಕೋವಿ ಕಮ್ಮಾರರ ಕಾಲದಲ್ಲಿ ಇದಕ್ಕೆ ಬಟ್ಟೆ ಉತ್ತರವಾಗಿತ್ತು. ನಳಿಗೆಗಿಂತ ಕೊಂಚ ಸಣ್ಣ ಸೀಸದ ಗೋಲಿಯನ್ನು ಕೊಬ್ಬು ಸವರಿದ ಬಟ್ಟೆ ಚೂರಿನಲ್ಲಿ ಸುತ್ತಿ ಜಡಿಯುತ್ತಿದ್ದರು. ಗೀರು ಕಚ್ಚುತ್ತಿದ್ದುದು ಬಟ್ಟೆ. ಗೋಲಿ ಅದರೊಂದಿಗೆ ತಿರುಗುತ್ತಿತ್ತು. ಇಂದಿಗೂ .50 ಇಂಚಿನ ನಳಿಗೆಗೆ .490 ಇಂಚಿನ ಗೋಲಿ, ಸುತ್ತ ತೆಳುವಾದ ಹತ್ತಿ ಬಟ್ಟೆ ಎಂಬುದು ಸಂಪ್ರದಾಯಸ್ಥರ ಲೆಕ್ಕ.

1849ರಲ್ಲಿ ಫ್ರಾನ್ಸಿನ ಸೇನಾಧಿಕಾರಿ ಮಿನಿಯೆ ಬೇರೆ ದಾರಿ ಹುಡುಕಿದರು. ಗುಂಡಿನ ತಳವನ್ನು ಟೊಳ್ಳು ಮಾಡಿದರು. ಸಲೀಸಾಗಿ ಒಳಗಿಳಿದ ಗುಂಡು ಮದ್ದಿನ ಒತ್ತಡಕ್ಕೆ ಅರಳಿ ಗೀರು ಕಚ್ಚುತ್ತಿತ್ತು. ಈ ಬಗೆಯ ಗುಂಡು ಬಳಸುತ್ತಿದ್ದ 1853ರ ಎನ್‌ಫೀಲ್ಡ್ ರೈಫಲ್ ಭಾರತಕ್ಕೂ ಬಂತು. ಅದರ ತೋಟೆಗೆ ಸವರಿದ ಕೊಬ್ಬು 1857ರಲ್ಲಿ ದಂಗೆಗೆ ಹೇಗೆ ಕಿಡಿಯಾಯಿತೆಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಅದೇ ಗುಂಡಿನ ಅಳತೆಯ ಕಥೆ ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ದಂಗೆಯ ಕಾಲದ ಕಾದಾಟಗಳಲ್ಲಿ ನಳಿಗೆಯಲ್ಲಿ ಮಸಿ ಕಟ್ಟಿ, ಗುಂಡು ಕೆಳಗಿಳಿಯದೆ ಬ್ರಿಟಿಷ್ ಸೈನಿಕರು ಪರದಾಡಿದರು. ಬಳಿಕ ಗುಂಡಿನ ವ್ಯಾಸವನ್ನು .568 ಇಂಚಿನಿಂದ .55 ಇಂಚಿಗೆ ಇಳಿಸಬೇಕಾಯಿತು. ಅರ್ಧ ಮಿಲಿಮೀಟರಿಗಿಂತಲೂ ಕಡಿಮೆ ಅಂತರ. ಕೋವಿ ನಡೆಯುವುದು, ನಿಲ್ಲುವುದು ಅದರಿಂದ.

ನಮ್ಮ ಕೇಪಿನ ಕೋವಿಯವರೂ ಈ ಪಾಠ ಕಲಿತವರೇ. ಮದ್ದಿನ ಮೇಲೆ ತೆಂಗಿನ ನಾರು ಹಾಕಿ, ಗಜ ಪುಟಿಯುವ ತನಕ ಜಡಿದು, ಆಮೇಲೆ ಚರೆ, ಅದರ ಮೇಲೆ ಮತ್ತೆ ನಾರು. ನಾರು ಸಡಿಲಾದರೆ ಈಡು ಠುಸ್ಸೆನ್ನುತ್ತದೆ. ಅಮೆರಿಕದ ಬೇಟೆಗಾರ ಪ್ಲಾಸ್ಟಿಕ್ಕಿನಿಂದ ಮಾಡುವ ಕೆಲಸವನ್ನು ಮಲೆನಾಡಿನ ರೈತ ನಾರಿನಿಂದ ಮಾಡಿದ. ಸ್ಯಾಬೊ ಮಾತ್ರ ನಮ್ಮ ನುಣುಪು ನಳಿಗೆಗೆ ಹೇಳಿದ್ದಲ್ಲ. ತಿರುಗಿಸುವ ಗೀರೇ ಇಲ್ಲದ ಕಡೆ ಅದರಿಂದ ಪ್ರಯೋಜನ ಕಡಿಮೆ. ಇಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಶಿಕಾರಿಯ ಮಾತೂ ಮುಗಿದಿದೆ.

ಬಟ್ಟಲಿನ ಗಣಿತ

ಇಂದು ಅಮೆರಿಕದಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಮಜಲ್‌ಲೋಡರ್ .50 ಕ್ಯಾಲಿಬರಿನದು, ಅಂದರೆ ಒಳವ್ಯಾಸ ಅರ್ಧ ಇಂಚು. ಅದರಲ್ಲಿ ಸ್ಯಾಬೊ ಮೂಲಕ ಹಾರಿಸುವುದು .45 ಅಥವಾ .44ರ ಪಿಸ್ತೂಲು ಗುಂಡನ್ನು, ಇಲ್ಲವೇ ಅದೇ ವ್ಯಾಸದಲ್ಲಿ ಮಜಲ್‌ಲೋಡರಿಗೆಂದೇ ಮಾಡಿದ ಚೂಪು ಮೂತಿಯ ಗುಂಡನ್ನು. ನಳಿಗೆಯ ನಿಜವಾದ ಒಳವ್ಯಾಸ .501 ಇಂಚು, ಗುಂಡು .452 ಇಂಚು ಎಂದಿಟ್ಟುಕೊಳ್ಳಿ. ನಡುವೆ ಉಳಿಯುವುದು .049 ಇಂಚು. ಅದನ್ನು ಎರಡು ಬದಿಗೆ ಹಂಚಿದರೆ ಬದಿಗೆ .0245 ಇಂಚು, ಅಂದರೆ 0.62 ಮಿಲಿಮೀಟರ್. ಬಟ್ಟಲಿನ ಎಸಳು ಇದಕ್ಕಿಂತ ತುಸು ದಪ್ಪವಿರಬೇಕು. ಆಗ ಅದು ಹಿಂಡಿಕೊಂಡು ಗೀರಿನ ಆಳಕ್ಕೂ ಇಳಿದು ಕೂರುತ್ತದೆ.

ತೊಡಕು ಹುಟ್ಟುವುದು ಇಲ್ಲಿ. ನಳಿಗೆಯ ಮೇಲೆ .50 ಎಂದು ಅಚ್ಚು ಹಾಕಿದ ಮಾತ್ರಕ್ಕೆ ಎಲ್ಲ ನಳಿಗೆಗಳೂ ಒಂದೇ ಅಳತೆಯಲ್ಲ. ಒಬ್ಬರು ಮಾಡಿದ್ದು .500 ಇದ್ದರೆ ಇನ್ನೊಬ್ಬರದು .503 ಅಥವಾ .504 ಇದ್ದೀತು. ಈ ವ್ಯತ್ಯಾಸ ಮಿಲಿಮೀಟರಿನ ಹತ್ತನೇ ಒಂದು ಭಾಗ, ಕೂದಲೆಳೆಯ ದಪ್ಪ. ಆದರೆ 0.6 ಮಿಲಿಮೀಟರಿನ ಆಸುಪಾಸಿನ ಗೋಡೆಯಿರುವ ಬಟ್ಟಲಿಗೆ ಅದು ದೊಡ್ಡ ಮೊತ್ತ. ಒಂದೇ ಪೊಟ್ಟಣದ ಸ್ಯಾಬೊ ಒಬ್ಬನ ಕೋವಿಯಲ್ಲಿ ಗಜ ಬಗ್ಗುವಷ್ಟು ಬಿಗಿಯಾದರೆ ಅವನ ತಮ್ಮನ ಕೋವಿಯಲ್ಲಿ ಜಾರಿ ಇಳಿಯುವುದು ಇದೇ ಕಾರಣಕ್ಕೆ. ಗುಂಡಿನ ಜೊತೆ ಪೊಟ್ಟಣದಲ್ಲಿ ಬರುವ ಸ್ಯಾಬೊ ನಿಮ್ಮ ನಳಿಗೆಯನ್ನು ನೋಡಿ ಮಾಡಿದ್ದಲ್ಲ ಎಂಬುದನ್ನು ಕೊಳ್ಳುವವರು ಮರೆಯುತ್ತಾರೆ.

ಸಡಿಲಾದರೆ ಗುರಿ ಕೆಡುವುದಷ್ಟೇ ಅಲ್ಲ. ಕೋವಿಯ ಬಾಯಿ ಕೆಳಗೆ ಮಾಡಿ ಮರ ಹತ್ತುವಾಗ ಅಥವಾ ಜೀಪಿನ ಕುಲುಕಾಟಕ್ಕೆ ಗುಂಡು ಮದ್ದನ್ನು ಬಿಟ್ಟು ಬಾಯಿಯ ಕಡೆಗೆ ಸರಿಯಬಹುದು. ಮದ್ದಿಗೂ ಗುಂಡಿಗೂ ನಡುವೆ ಹೀಗೆ ಟೊಳ್ಳು ಬಿದ್ದ ಸ್ಥಿತಿಯಲ್ಲಿ ಟ್ರಿಗರ್ ಎಳೆದರೆ ನಳಿಗೆ ಉಬ್ಬುತ್ತದೆ. ಕೆಟ್ಟ ಗಳಿಗೆಯಲ್ಲಿ ಒಡೆಯುತ್ತದೆ. ಅತಿ ಬಿಗಿಯಾದರೂ ಕೊನೆಗೆ ಅದೇ ಅಪಾಯ: ಗುಂಡು ಅರ್ಧ ದಾರಿಯಲ್ಲಿ ಸಿಕ್ಕಿಕೊಂಡರೂ ತಳ ಮುಟ್ಟಿತೆಂದು ನಂಬಿಬಿಡುವವರಿದ್ದಾರೆ. ಅದಕ್ಕೇ ಅನುಭವಸ್ಥರು ಗಜದ ಮೇಲೆ ಎರಡು ಗುರುತು ಹಾಕಿರುತ್ತಾರೆ. ಖಾಲಿ ನಳಿಗೆಗೆ ಒಂದು, ಸರಿಯಾಗಿ ತುಂಬಿದಾಗ ಬಾಯಿಯ ಅಂಚಿಗೆ ಬರುವ ಜಾಗಕ್ಕೆ ಇನ್ನೊಂದು. ಗುರುತು ಬಾಯಿಗೆ ಸಮ ಬಾರದೆ ಕೇಪು ಹಾಕುವಂತಿಲ್ಲ.

ಮದ್ದಿಲ್ಲದೆ ಮಾಡುವ ಪರೀಕ್ಷೆ

ಹಿಂಬದಿ ಬಿರಡೆ ಬಿಚ್ಚಬಹುದಾದ ಇಂದಿನ ಕೋವಿಗಳಲ್ಲಿ ಸ್ಯಾಬೊ ಆಯ್ಕೆಗೆ ಒಂದು ಸೊಗಸಾದ ದಾರಿ ಇದೆ; ಒಂದು ಚಿಟಿಕೆ ಮದ್ದೂ ಖರ್ಚಾಗುವುದಿಲ್ಲ. ಕೋವಿ ಖಾಲಿ ಇದೆಯೆಂದು ಖಚಿತ ಮಾಡಿಕೊಂಡು ಬಿರಡೆ ತೆಗೆಯಬೇಕು. ನಳಿಗೆಯ ಎಣ್ಣೆ ಒರೆಸಿ ಒಣಗಿಸಬೇಕು. ಗುಂಡನ್ನು ಬಟ್ಟಲಿನ ತಳ ಮುಟ್ಟುವಂತೆ ಕೂರಿಸಿ, ಬಾಯಿಗಿಟ್ಟು, ಗಿಡ್ಡ ಒತ್ತುಗೋಲಿನಿಂದ ಒಳಗೆ ದಬ್ಬಬೇಕು. ನಂತರ ಗಜದಿಂದ ನಿಧಾನವಾಗಿ, ಒಂದೇ ಸಮನಾದ ಒತ್ತಡದಲ್ಲಿ ಹಿಂಬದಿಯವರೆಗೂ ತಳ್ಳಬೇಕು. ಕೈಗೆ ಆಗ ಎಲ್ಲ ತಿಳಿಯುತ್ತದೆ. ಆರಂಭದಲ್ಲಿ ಗಟ್ಟಿ ಒತ್ತು, ಆಮೇಲೆ ಉದ್ದಕ್ಕೂ ಸಮನಾದ ಬಿಗಿ ಇದ್ದರೆ ಒಳ್ಳೆಯದು. ನಡುವೆ ಎಲ್ಲೋ ಸಡಿಲಾಗಿ ಜಾರಿದರೆ ನಳಿಗೆ ಅಲ್ಲಿ ಅಗಲವಾಗಿದೆ ಎಂದು ಅರ್ಥ. ಗಜದ ಮೇಲೆ ದೇಹದ ಭಾರ ಹಾಕಬೇಕಾಗಿ ಬಂದರೆ ಆ ಸ್ಯಾಬೊ ಬೇಡ.

ಹಿಂದಿನಿಂದ ಹೊರಬಿದ್ದ ಬಟ್ಟಲನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಸುತ್ತಲೂ ಓರೆಯಾಗಿ ಸಾಗುವ ಗೀರಿನ ಅಚ್ಚು ಎಲ್ಲ ಎಸಳುಗಳ ಮೇಲೂ ಒಂದೇ ಆಳದಲ್ಲಿ ಮೂಡಿರಬೇಕು. ಒಂದು ಬದಿಗಷ್ಟೇ ಅಚ್ಚು ಬಿದ್ದು ಇನ್ನೊಂದು ಬದಿ ನುಣುಪಾಗಿ ಉಳಿದಿದ್ದರೆ ಗುಂಡು ಓರೆ ಕೂತಿತ್ತು, ಇಲ್ಲವೇ ಸ್ಯಾಬೊ ಸಡಿಲ. ಪ್ಲಾಸ್ಟಿಕ್ ಕೆರೆದು ಎಳೆ ಎದ್ದಿದ್ದರೆ ಅತಿ ಬಿಗಿ.

ಅತಿ ಬಿಗಿ ಎನಿಸಿದಾಗ ಹೊಸ ಕೋವಿ ಕೊಳ್ಳಬೇಕಾಗಿಲ್ಲ. ಗೋಡೆ ತೆಳುವಾದ ಸ್ಯಾಬೊ ಸಿಗುತ್ತದೆ. ಹೊರಮೈಯಲ್ಲಿ ಏಣು ಕೊಟ್ಟ ಬಗೆಯೂ ಇದೆ. ಪೂರ್ತಿ ಮೈ ಉಜ್ಜುವ ಬದಲು ಏಣುಗಳಷ್ಟೇ ನಜ್ಜಿ ಸಲೀಸಾಗಿ ಇಳಿಯುತ್ತದೆ. .452ರ ಬದಲು .451ರ ಗುಂಡು ಹಾಕಿದರೂ ವ್ಯತ್ಯಾಸ ಕಾಣುತ್ತದೆ. ಸಡಿಲಾದರೆ ಇದರ ತಿರುಗಾಮುರುಗಾ: ದಪ್ಪ ಗೋಡೆಯ ಸ್ಯಾಬೊ, ಕೊಂಚ ದೊಡ್ಡ ಗುಂಡು. ಸುತ್ತಿಗೆಯಿಂದ ಗಜ ಬಡಿಯುವುದು ಮಾತ್ರ ಯಾವುದಕ್ಕೂ ಪರಿಹಾರವಲ್ಲ. ಗುಂಡಿನ ಮೂತಿ ಜಜ್ಜಿಹೋಗಿ ಹಾದಿ ತಪ್ಪುತ್ತದೆ.

ಹವೆಯನ್ನೂ ಮರೆಯುವಂತಿಲ್ಲ. ಮನೆಯ ಬೆಚ್ಚನೆಯಲ್ಲಿ ಸಲೀಸಾಗಿ ಇಳಿದ ಸ್ಯಾಬೊ ಡಿಸೆಂಬರಿನ ಹಿಮದಲ್ಲಿ ಪೆಡಸಾಗುತ್ತದೆ. ಒಂದರ ಹಿಂದೊಂದು ಹೊಡೆದು ಕಾದ ನಳಿಗೆಯಲ್ಲಿ ಅದೇ ಮೆತ್ತಗಾಗಿ ಗುರಿ ಚೆದುರುತ್ತದೆ. ಮೈದಾನದಲ್ಲಿ ಗುಂಡಿಗೂ ಗುಂಡಿಗೂ ನಡುವೆ ನಳಿಗೆ ತಣಿಯಲು ಬಿಡುವವರು ತಾಳ್ಮೆಗೆಟ್ಟವರಿಗಿಂತ ಚೆನ್ನಾಗಿ ಹೊಡೆಯುತ್ತಾರೆ.

ಹುಲ್ಲಿನಲ್ಲಿ ಬಿದ್ದ ಸಾಕ್ಷಿ

ಮದ್ದು ಹಾಕಿ ಹೊಡೆದ ಮೇಲೆ ಗುರಿ ಹಲಗೆಯನ್ನು ನೋಡುವುದು ಎಲ್ಲರ ಅಭ್ಯಾಸ. ಪಳಗಿದವರು ಅದಕ್ಕೂ ಮೊದಲು ಹುಲ್ಲು ತಡಕುತ್ತಾರೆ. ಗುಂಡು ಮುಂದೆ ಹೋದರೂ ಬಟ್ಟಲು ಗಾಳಿಯ ತಡೆಗೆ ಎಸಳು ಬಿಚ್ಚಿ ಕೆಲವೇ ಮಾರು ದೂರದಲ್ಲಿ ಬೀಳುತ್ತದೆ. ನಾಲ್ಕೂ ಎಸಳು ಸಮನಾಗಿ ಹೊರಬಾಗಿ, ತಳ ಮಸಿ ಹಿಡಿದಿದ್ದರೂ ಗಟ್ಟಿಯಾಗಿದ್ದರೆ ಹೊಂದಿಕೆ ಸರಿ. ಒಂದು ಎಸಳು ಹರಿದುಹೋಗಿದ್ದರೆ ಬಿಡುಗಡೆ ಸಮನಾಗಿ ಆಗಿಲ್ಲ, ಗುಂಡಿಗೆ ಬದಿಯಿಂದ ತಳ್ಳು ಬಿದ್ದಿದೆ. ಎಸಳಿನ ಬುಡದಿಂದ ಬದಿಗೆ ಸುಟ್ಟ ಗೆರೆ ಓಡಿದ್ದರೆ ಬೆಂಕಿಯ ಹೊಗೆ ಪಕ್ಕದಿಂದ ನುಸುಳಿದೆ, ಸ್ಯಾಬೊ ಸಡಿಲ. ತಳವೇ ಕರಗಿ ತೂತಾಗಿದ್ದರೆ ಮದ್ದು ಜಾಸ್ತಿ, ಅಥವಾ ಆ ಮದ್ದಿಗೆ ಆ ಪ್ಲಾಸ್ಟಿಕ್ ತಾಳುತ್ತಿಲ್ಲ.

ಜಾಸ್ತಿ ಮದ್ದಿನ ಮೋಹ ಈ ಹವ್ಯಾಸದ ದೊಡ್ಡ ರೋಗ. ಮಜಲ್‌ಲೋಡರಿನ ಮದ್ದನ್ನು ಗ್ರೇನ್ ಲೆಕ್ಕದಲ್ಲಿ ಅಳೆಯುತ್ತಾರೆ. ನೂರು ಗ್ರೇನ್ ಕರಿಮದ್ದು ಎಂದರೆ ಆರೂವರೆ ಗ್ರಾಂ. ಜಿಂಕೆಗೆ ಅಷ್ಟು ಧಾರಾಳವಾಯಿತು; ಆದರೂ 50 ಗ್ರೇನಿನ ಗುಳಿಗೆ ಮೂರು ಹಾಕಿ 150ಕ್ಕೆ ಏರಿಸುವವರಿದ್ದಾರೆ. ಭುಜಕ್ಕೆ ಒದೆ, ಸ್ಯಾಬೊಗೆ ಸುಡು, ಗುರಿಗೆ ಚೆದುರು. ಕೋವಿಯ ಕೈಪಿಡಿ ಹೇಳಿದ ಮಿತಿಯೊಳಗೆ ಕಡಿಮೆಯಿಂದ ಆರಂಭಿಸಿ, ಗುಂಡುಗಳು ಒತ್ತಾಗಿ ಬೀಳುವಲ್ಲಿ ನಿಲ್ಲಿಸುವುದೇ ಸರಿಯಾದ ದಾರಿ. ಸಾಮಾನ್ಯ ತೋಟೆಯ ಹೊಗೆರಹಿತ ಮದ್ದನ್ನು ಮಜಲ್‌ಲೋಡರಿಗೆ ಸುರಿಯುವುದಂತೂ ಸಾವನ್ನು ಕರೆದಂತೆ. ಅದರ ಒತ್ತಡಕ್ಕೆಂದೇ ಕಟ್ಟಿದ ಕೆಲವೇ ಕೋವಿಗಳನ್ನು ಬಿಟ್ಟರೆ ಬೇರೆ ನಳಿಗೆ ತಡೆಯದು.

ಕರಿಮದ್ದು ಉರಿದಾಗ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಘನವಾಗಿಯೇ ಉಳಿಯುತ್ತದೆ. ಅದರ ಒಂದಂಶ ಮಸಿಯಾಗಿ ನಳಿಗೆಯ ಗೋಡೆಗೆ ಮೆತ್ತುತ್ತದೆ. ಮೊದಲ ಗುಂಡಿಗೆ ಹದವಾಗಿದ್ದ ಸ್ಯಾಬೊ ಮೂರನೆಯದಕ್ಕೆ ಬಿಗಿಯಾಗುವುದು ಅದರಿಂದ. ಪ್ರತಿ ಗುಂಡಿನ ನಂತರ ಒಂದು ಒದ್ದೆ ಬಟ್ಟೆ, ಒಂದು ಒಣ ಬಟ್ಟೆ ಎಳೆದು ನಳಿಗೆಯನ್ನು ಒಂದೇ ಸ್ಥಿತಿಗೆ ತಂದವರಿಗೆ ಮಾತ್ರ ಹೊಂದಿಕೆಯ ಪರೀಕ್ಷೆ ನಿಜ ಹೇಳುತ್ತದೆ. ನಳಿಗೆಯ ಸುರುಳಿಯ ವೇಗವೂ ಲೆಕ್ಕಕ್ಕೆ ಬರುತ್ತದೆ. 28 ಇಂಚಿಗೆ ಒಂದು ಸುತ್ತು ಹಾಕುವ ನಳಿಗೆ ಉದ್ದನೆಯ ಸ್ಯಾಬೊ ಗುಂಡಿಗೆ ಒಪ್ಪುತ್ತದೆ. 66 ಅಥವಾ 72 ಇಂಚಿಗೆ ಒಂದು ಸುತ್ತಿನ ನಳಿಗೆ ಬಟ್ಟೆ ಸುತ್ತಿದ ಗೋಲಿಗೆ ಹೇಳಿದ್ದು. ಆ ಹಳೆಯ ಬಗೆಯ ನಳಿಗೆಗೆ ಎಂಥ ದುಬಾರಿ ಸ್ಯಾಬೊ ತಂದರೂ ಹಣ ದಂಡ.

ಬೇಕೇ, ಬೇಡವೇ?

ಕೊಲರಾಡೊ ಸ್ಯಾಬೊವನ್ನು ತಡೆದದ್ದು ಸುಮ್ಮನಲ್ಲ. ಅಲ್ಲಿ ಮಜಲ್‌ಲೋಡರ್ ಹಂಗಾಮಿನಲ್ಲಿ ದುರ್ಬೀನು ಇಲ್ಲ, ಗುಳಿಗೆ ಮದ್ದು ಇಲ್ಲ, ಸ್ಯಾಬೊ ಇಲ್ಲ. ಐಡಾಹೊ, ಆರೆಗಾನ್ ರಾಜ್ಯಗಳೂ ಇದೇ ಧಾಟಿಯವು. ಅವರ ವಾದ ಸರಳ: ಪ್ರತ್ಯೇಕ ಹಂಗಾಮು ಕೊಟ್ಟದ್ದು ಕಷ್ಟದ ಆಯುಧ ಹಿಡಿದವನಿಗೆ, ಆಯುಧ ಸುಲಭವಾದರೆ ರಿಯಾಯಿತಿ ಏಕೆ? ಬಟ್ಟೆ ಸುತ್ತಿದ ಗೋಲಿ ನಂಬಿಕೆಯಿಂದ ಹೋಗುವುದು ಮುನ್ನೂರು ಅಡಿಯ ಒಳಗೆ. ಸ್ಯಾಬೊ ತೊಟ್ಟ ಚೂಪು ಗುಂಡು ಅದರ ಎರಡರಷ್ಟು ದೂರಕ್ಕೂ ಕೆಲಸ ಮಾಡೀತು. ದೂರ ಹೆಚ್ಚಿದಂತೆ ಬೇಟೆಯ ಕಷ್ಟ ಕರಗುತ್ತದೆ.

ಇನ್ನೊಂದು ಪಕ್ಷದ ವಾದಕ್ಕೂ ತೂಕವಿದೆ. ಪ್ರಾಣಿಯನ್ನು ಗಾಯ ಮಾಡಿ ಕಾಡಿಗೆ ಓಡಿಸುವುದಕ್ಕಿಂತ ಒಂದೇ ಗುಂಡಿಗೆ ಮುಗಿಸುವುದು ಧರ್ಮ. ನಿಖರವಾದ ಗುಂಡು ಆ ಧರ್ಮಕ್ಕೆ ನೆರವಾಗುತ್ತದೆ. ವಿಷಕಾರಿ ಸೀಸದ ಪ್ರಶ್ನೆಯೂ ಇದರೊಡನೆ ಸೇರಿದೆ. ಕ್ಯಾಲಿಫೋರ್ನಿಯಾ 2019ರ ಜುಲೈ 1ರಿಂದ ಬೇಟೆಯಲ್ಲಿ ಸೀಸದ ಗುಂಡನ್ನು ಪೂರ್ತಿ ನಿಲ್ಲಿಸಿತು. ಗಟ್ಟಿ ತಾಮ್ರದ ಗುಂಡು ಸೀಸದಂತೆ ಅರಳಿ ಗೀರು ಕಚ್ಚುವುದಿಲ್ಲ; ಅದಕ್ಕೆ ಪ್ಲಾಸ್ಟಿಕ್ ಬಟ್ಟಲು ಬೇಕೇಬೇಕು ಎನ್ನುವಷ್ಟು ಅಗತ್ಯ. ಹಾರಿದ ಬಟ್ಟಲುಗಳು ಹುಲ್ಲಿನಲ್ಲೇ ಉಳಿಯುವುದು ಆ ಕಡೆಯ ದೋಷ. ಹೆಕ್ಕಿಕೊಂಡು ಬರುವುದು ಹೊಡೆದವನ ಹೊಣೆ.

ನನಗನಿಸುವಂತೆ ಈ ಜಗಳದಲ್ಲಿ ಎರಡೂ ಕಡೆಯವರು ಬಟ್ಟಲಿಗೆ ಅದರ ಯೋಗ್ಯತೆಗಿಂತ ಹೆಚ್ಚು ಬೆಲೆ ಕೊಡುತ್ತಿದ್ದಾರೆ. ಹೊಂದದ ಸ್ಯಾಬೊ ತೊಟ್ಟ ಗುಂಡಿಗಿಂತ ಚೆನ್ನಾಗಿ ಸುತ್ತಿದ ಗೋಲಿ ನಂಬಿಕಸ್ಥ. ನಳಿಗೆಯನ್ನು ಅಳೆಯದವನ ಕೈಯಲ್ಲಿ ಎಂಥ ಹೊಸ ಕೋವಿಯೂ ಅಂದಾಜಿನ ಕೋವಿಯೇ.

ಅಮೆರಿಕದಲ್ಲಿ ನೆಲೆಸಿ, ಪರವಾನಗಿ ಪಡೆದು ಈ ಹವ್ಯಾಸಕ್ಕೆ ಇಳಿಯುವ ಕನ್ನಡಿಗರಿಗೆ ಒಂದು ಮಾತು. ಮೊದಲು ನಿಮ್ಮ ರಾಜ್ಯದ ಈ ವರ್ಷದ ನಿಯಮಪುಸ್ತಕ ಓದಿ. ಸ್ಯಾಬೊಗೆ ಅನುಮತಿ ಇದೆಯೋ ಇಲ್ಲವೋ ನೋಡಿ. ಇದ್ದರೆ ದೊಡ್ಡ ಡಬ್ಬಿ ಕೊಳ್ಳದೆ ಮೂರು ಬಗೆಯ ಸಣ್ಣ ಪೊಟ್ಟಣ ತನ್ನಿ, ಬಿರಡೆ ಬಿಚ್ಚಿ ಮೂರನ್ನೂ ತಳ್ಳಿ ನೋಡಿ, ಹೊಂದಿದ್ದನ್ನು ಮೈದಾನದಲ್ಲಿ ಹೊಡೆದು ನೋಡಿ. ಮೂರು ಗುಂಡು ಒಂದು ಅಂಗೈಯಗಲದಲ್ಲಿ ಬೀಳದ ಹೊರತು ಆ ಕೋವಿ ಹಿಡಿದು ಕಾಡಿಗೆ ಕಾಲಿಡಬೇಡಿ.